ಬೆರಳುದ್ದದ ಚಾಕು

ಮಾರ್ಚ್ ೪, ಸೋಮವಾರ

ಅಂಗೈ ಸುಟ್ಟಿದೆ, ಪೆನ್ನು ಹಿಡಿಯಲು ಆಗುತ್ತಿಲ್ಲ. ಆದರೂ ಬರೆಯದೆ ಇದ್ದರೆ ತಲೆ ಸಿಡಿದುಹೋಗುತ್ತದೆ.

ಬೆಳಿಗ್ಗೆ ಹೆದ್ದಾರಿಯ ಸೇತುವೆ ಹತ್ತಿರ ಕಾರೊಂದು ತಡೆಗೋಡೆಗೆ ಗುದ್ದಿ ತಲೆಕೆಳಗಾಗಿ ಬಿದ್ದಿತ್ತು. ನಮ್ಮ ಆಂಬುಲೆನ್ಸ್ ಅಲ್ಲೇ ಹತ್ತಿರದಲ್ಲಿತ್ತು. ಡ್ರೈವರ್ ಮೇಷ್ಟ್ರು ಬ್ರೇಕ್ ಹಾಕುವ ಮೊದಲೇ ನಾನು ಹಾರಿ ಓಡಿದೆ. ಕಾರಿನೊಳಗೆ ಒಬ್ಬನೇ ಗಂಡಸು, ಸೀಟ್ ಬೆಲ್ಟ್‌ನಲ್ಲಿ ಬಾವಲಿ ಹಾಗೆ ತೂಗುತ್ತಿದ್ದ. ಪ್ರಜ್ಞೆ ಇತ್ತು. ಬೆಲ್ಟಿನ ಕೊಂಡಿ ಜಜ್ಜಿಹೋಗಿ ಬಿಚ್ಚುತ್ತಿರಲಿಲ್ಲ. ಗಾಡಿಯಲ್ಲಿರುವ ಕತ್ತರಿಯಂತೂ ದೇವರಿಗೇ ಪ್ರೀತಿ. ಬೆಲ್ಟನ್ನು ಮಡಚಿತೇ ಹೊರತು ಕತ್ತರಿಸಲಿಲ್ಲ. ಜೇಬಿನಲ್ಲಿ ಮಡಚುವ ಚಾಕು ಇತ್ತು. ಗ್ಲೌಸ್ ರಕ್ತದಲ್ಲಿ ಒದ್ದೆಯಾಗಿ ಉಗುರು ಅಲಗನ್ನು ಎಳೆದು ತೆಗೆಯುವ ಗೀರಿನಲ್ಲಿ ನಿಲ್ಲುತ್ತಲೇ ಇರಲಿಲ್ಲ. ಹಲ್ಲಿನಿಂದ ಬಿಡಿಸಲು ನೋಡಿದೆ. ಅಷ್ಟರಲ್ಲಿ ಮುಂದಿನಿಂದ ಬೆಂಕಿ ಬಂತು.

ಮೇಷ್ಟ್ರು ನನ್ನ ಸೊಂಟ ಹಿಡಿದು ಹಿಂದಕ್ಕೆ ಎಳೆದರು. ಅವನು ಅಲ್ಲಿಯವರೆಗೆ ನನ್ನ ಜೊತೆ ಮಾತಾಡುತ್ತಲೇ ಇದ್ದ. ಆಮೇಲೆ ಬರೀ ಕೂಗು. ಆಮೇಲೆ ಅದೂ ಇರಲಿಲ್ಲ.

ಮಾರ್ಚ್ ೫, ಮಂಗಳವಾರ

ನಮ್ಮ ಮನೆಯವರು ಬೇಕರಿ ಕೆಲಸದಿಂದ ಬೇಗ ಬಂದರು. ಮೈಯೆಲ್ಲ ಮೈದಾಹಿಟ್ಟು, ಹಾಗೇ ಬಂದು ಪಕ್ಕದಲ್ಲಿ ಕೂತರು. ನಿನ್ನ ತಪ್ಪೇನಿಲ್ಲ ಅಂದರು. ತಪ್ಪಿಲ್ಲ ಅಂತ ನನಗೂ ಗೊತ್ತು. ಚಾಕು ಬಿಚ್ಚಲಿಲ್ಲ, ಅಷ್ಟೇ. ಬಿಚ್ಚಬೇಕಾದ ಚಾಕು ಇಟ್ಟುಕೊಂಡದ್ದೇ ಮೂರ್ಖತನ.

ಮಾರ್ಚ್ ೮, ಶುಕ್ರವಾರ

ಚಾಕು ತಂದೆ. ಮನಸ್ಸು ಸ್ವಲ್ಪ ಹಗುರವಾಗಿದೆ.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಬೀಗದ ಅಂಗಡಿಗೂ ಛತ್ರಿ ರಿಪೇರಿಯವನಿಗೂ ನಡುವೆ ಉಸಿರು ಬಿಗಿಹಿಡಿದು ನಿಂತಂಥ ಅಂಗಡಿ. ನಡೆಸುವವಳು ವಯಸ್ಸಾದ ಹೆಂಗಸು. ಮಡಚದ ಚಾಕು ಬೇಕು, ಚಿಕ್ಕದು, ದಿನವಿಡೀ ಮೈಮೇಲೆ ಇರಬೇಕು ಅಂದೆ. ಆಕೆ ಒಂದು ಹಲಗೆ ತುಂಬ ಹರಡಿದಳು. ನಾನು ಥಳಥಳ ಹೊಳೆಯುವ ಒಂದಕ್ಕೆ ಕೈಹಾಕಿದ್ದಕ್ಕೆ ನಕ್ಕಳು.

"ಚಾಕು ತಗೊಳ್ಳೋದು ಚಪ್ಪಲಿ ತಗೊಂಡ ಹಾಗೆ ಕಣಮ್ಮ. ಕಣ್ಣಿಗೆ ಒಪ್ಪಿದ್ರೆ ಸಾಲದು, ಇಡೀ ದಿನ ಕಚ್ಚದೆ ಇರಬೇಕು."

ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಒಂದೇ ತುಂಡಾಗಿ ಹೋಗಿರಬೇಕು, ಇಲ್ಲದಿದ್ದರೆ ಜೋರಾಗಿ ಎಳೆದಾಗ ಹಿಡಿ ಕೈಯಲ್ಲಿ, ಅಲಗು ನೆಲದಲ್ಲಿ ಅಂದಳು. ನುಣುಪು ಮರದ ಹಿಡಿ ಒದ್ದೆ ಕೈಗೆ ಜಾರುತ್ತದೆ. ಗೀರುಗೀರಾದ ರಬ್ಬರಿನದ್ದೇ ಒಳ್ಳೆಯದು. ಅಲಗು ನನ್ನ ನಡುಬೆರಳಿಗಿಂತ ಉದ್ದ ಬೇಡ. ತುಕ್ಕು ಹಿಡಿಯದ ಉಕ್ಕು ಬೇಗ ಮೊಂಡಾಗುತ್ತದೆ, ಹರಿತ ಉಳಿಸಿಕೊಳ್ಳುವುದು ಬೇಗ ತುಕ್ಕು ಹಿಡಿಯುತ್ತದೆ. ಎರಡೂ ಬೇಕು ಅಂದರೆ ಅತ್ತೆಯೂ ಒಳ್ಳೆಯವಳಿರಬೇಕು, ಸೊಸೆಯೂ ಒಳ್ಳೆಯವಳಿರಬೇಕು ಅಂದ ಹಾಗೆ ಅಂದಳು. ನಾನು ದಿನಾ ಒರೆಸಿ ಎಣ್ಣೆ ಹಚ್ಚುತ್ತೇನೆ ಅಂತ ಹರಿತದ್ದನ್ನೇ ಆರಿಸಿದೆ.

ಒರೆ ಎಲ್ಲಿ ಕಟ್ಟುವುದು ಅನ್ನುವುದಕ್ಕೇ ಬಹಳ ಹೊತ್ತಾಯಿತು. ಕೊರಳಿಗೆ ಹಾಕಿಕೊಂಡರೆ ಬವಳಿ ಬಂದ ರೋಗಿ ಹಿಡಿದು ಎಳೆಯಬಹುದು. ಪಕ್ಕೆಗೆ ಕಟ್ಟಿದರೆ ಸ್ಟ್ರೆಚರ್‌ಗೆ ತಗುಲುತ್ತದೆ. ಕೊನೆಗೆ ಬೆಲ್ಟಿನ ಮುಂದೆ, ಎಡಗಡೆ, ಅಡ್ಡಡ್ಡವಾಗಿ ಕಟ್ಟಿದಳು. ಬಗ್ಗಿದರೂ ಚುಚ್ಚುವುದಿಲ್ಲ, ಬಲಗೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ಏನು ಕೆಲಸಕ್ಕೆ ಅಂತ ಕೇಳಿದಾಗ ಕಾರಿನ ಸಂಗತಿ ಹೇಳಿದೆ. ಆಕೆ ಸಾಣೆಯಂತ್ರ ಹಚ್ಚಿ ಚಾಕುವಿನ ಮೊನೆಯನ್ನೇ ತೇಯ್ದುಹಾಕಿದಳು. ತುದಿ ಉಗುರಿನ ಹಾಗೆ ದುಂಡಗಾಯಿತು. "ಬೆಲ್ಟಿನ ಕೆಳಗೆ ತೂರಿಸುವಾಗ ಒಳಗಿರೋರ ಹೊಟ್ಟೆಗೆ ತಾಗಬಾರದಲ್ಲ," ಅಂದಳು.

ಮಾರ್ಚ್ ೧೩, ಬುಧವಾರ

ಚಾಕು ಮೊದಲ ಸಲ ಕೆಲಸಕ್ಕೆ ಬಂತು. ಕಟ್ಟಡದಿಂದ ಬಿದ್ದವನ ಕಾಲಿಗೆ ಹಗ್ಗ ಸುತ್ತಿಕೊಂಡಿತ್ತು. ಬೆಣ್ಣೆ ಕುಯ್ದ ಹಾಗೆ ಕುಯ್ಯಿತು. ಪ್ಯಾಂಟು ಸೀಳುವಾಗಲೂ ಚರ್ಮಕ್ಕೆ ಒಂದು ಗೀರೂ ಬೀಳಲಿಲ್ಲ. ಮೇಷ್ಟ್ರು ಚಾಕು ಇಟ್ಟುಕೊಳ್ಳುವುದರ ನಿಯಮಗಳ ಬಗ್ಗೆ ಆಸ್ಪತ್ರೆ ಮುಟ್ಟುವವರೆಗೂ ಪಾಠ ಮಾಡಿದರು. ರಸ್ತೆಯಲ್ಲಿ ಸಿಕ್ಕವರಿಗೆಲ್ಲ ಸಂಚಾರ ನಿಯಮ ಬೋಧಿಸಿ ಬೋಧಿಸಿಯೇ ಅವರಿಗೆ ಆ ಹೆಸರು ಬಂದದ್ದು. ಆದರೆ ಮನುಷ್ಯ ಚಿನ್ನ.

ಮಾರ್ಚ್ ೨೪, ಭಾನುವಾರ

ಶುಕ್ರವಾರದ್ದನ್ನು ಇವತ್ತು ಬರೆಯುತ್ತಿದ್ದೇನೆ.

ತರಕಾರಿ ಮಾರುಕಟ್ಟೆಯ ಮುಂದೆ ಲಾರಿಯಡಿ ಒಬ್ಬ ಕೂಲಿಯಾಳು ಸಿಕ್ಕಿಕೊಂಡಿದ್ದ. ರಸ್ತೆ ತುಂಬ ಗಾಡಿ, ನಾವು ತಲುಪುವುದು ತಡವಾಯಿತು. ನಾನು ನಾಡಿ ನೋಡಿ ತಲೆಯಲ್ಲಾಡಿಸಿದ್ದೇ ತಡ, ಯಾರೋ ಹಿಂದಿನಿಂದ ನನ್ನ ಜಡೆ ಹಿಡಿದು ಎಳೆದರು. ಲಾರಿಯವನು ಆಗಲೇ ಪರಾರಿ. ಸಿಟ್ಟು ತೀರಿಸಿಕೊಳ್ಳಲು ಉಳಿದವರು ನಾವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮೇಷ್ಟ್ರನ್ನು ಕಿಟಕಿಯಿಂದಲೇ ಹೊರಗೆಳೆದರು. ತಕ್ಕಡಿಯ ಕಬ್ಬಿಣದ ತೂಕದ ಕಲ್ಲಿನಿಂದ ಒಬ್ಬ ಅವರ ಮುಖಕ್ಕೆ ಗುದ್ದಿದ. ದವಡೆ ಮುರಿದ ಸದ್ದು ನನಗೆ ಕೇಳಿಸಿತು, ಒಣ ಕಡ್ಡಿ ಮುರಿದ ಹಾಗೆ. ನನ್ನನ್ನು ನೆಲಕ್ಕೆ ಕೆಡವಿ ಪಕ್ಕೆಗೆ ಒದ್ದರು. ಕಿವಿಗೆ ಬಿದ್ದ ಏಟಿಗೆ ಲೋಕವೆಲ್ಲ ಗುಂಯ್ ಅಂತು. ಹೇಗೋ ಎದ್ದು ಗಾಡಿಗೆ ಬೆನ್ನು ಕೊಟ್ಟು ಚಾಕು ತೆಗೆದೆ.

ಎಲ್ಲರೂ ಒಂದು ಗಳಿಗೆ ಹಿಂದೆ ಸರಿದರು. ಆಮೇಲೆ ಮುಂದಿದ್ದ ಉಬ್ಬುಹಲ್ಲಿನವನೊಬ್ಬ ತುದಿ ನೋಡಿ ನಕ್ಕ. "ಇದರಲ್ಲಿ ಏನ್ ಮಾಡ್ತೀಯಾ, ಬ್ರೆಡ್ಡಿಗೆ ಬೆಣ್ಣೆ ಸವರ್ತೀಯಾ?" ಅಂದ. ಉಳಿದವರೂ ನಕ್ಕರು. ನಗುನಗುತ್ತಲೇ ಮತ್ತೆ ಹೊಡೆದರು.

ಪೊಲೀಸರು ಬಂದು ಬಿಡಿಸಿದರು. ಹಿಡಿದದ್ದು ಇಬ್ಬರನ್ನು, ಉಬ್ಬುಹಲ್ಲಿನವನು ಅವರಲ್ಲಿಲ್ಲ.

ಮಾರ್ಚ್ ೨೬, ಮಂಗಳವಾರ

ಮೇಷ್ಟ್ರನ್ನು ನೋಡಿ ಬಂದೆ. ದವಡೆಗೆ ತಂತಿ ಬಿಗಿದಿದ್ದಾರೆ. ಮಾತಿಗೆ ಹೆಸರಾದ ಮನುಷ್ಯ ಸ್ಟ್ರಾದಲ್ಲಿ ಗಂಜಿ ಕುಡಿಯುತ್ತಿದ್ದಾರೆ. ನನ್ನ ಕೈ ಹಿಡಿದು ಅತ್ತರು. ನನಗೆ ಅಳು ಬರಲಿಲ್ಲ. ಆ ನಗುವೇ ಕಿವಿಯಲ್ಲಿದೆ.

ಮಾರ್ಚ್ ೨೯, ಶುಕ್ರವಾರ

ಚಾಕು ಅಂಗಡಿಗೆ ಹೋಗಿ ಮೊನೆ ಮಾಡಿಕೊಡಿ ಅಂದೆ. ಆಕೆ ನನ್ನ ಮುಖದ ಬಾವು ನೋಡಿದಳು, ಚಾಕು ನೋಡಿದಳು, ಹಾಗೇ ವಾಪಸು ಕೊಟ್ಟಳು. ಬೇರೆ ಏನು ಬೇಕಾದರೂ ಮಾಡಿಕೊಡ್ತೀನಿ, ಇದೊಂದು ಬೇಡ ಅಂದಳು. ಗಿರಾಕಿ ಕೇಳಿದ್ದು ಮಾಡದವಳು ಅಂಗಡಿ ಯಾಕೆ ತೆರೆದಿರಬೇಕು?

ಸಾಣೆಕಲ್ಲು ಕೊಂಡು ತಂದು ನಾನೇ ಕೂತೆ. ಮಧ್ಯಾಹ್ನ ಪೂರ್ತಿ ಅದೇ ಕೆಲಸ. ನೀರು ಚಿಮುಕಿಸುವುದು, ತಿಕ್ಕುವುದು, ಹೆಬ್ಬೆರಳಿಗೆ ತಾಗಿಸಿ ನೋಡುವುದು. ತೋಳು ಬಿದ್ದುಹೋಗುವಷ್ಟು ನೋವು. ಆದರೆ ಕೆಲಸ ಚೆನ್ನಾಗಿ ಬಂದಿದೆ. ಟೊಮೆಟೊ ಮೇಲೆ ಇಟ್ಟರೆ ಒತ್ತುವುದೇ ಬೇಡ, ತನ್ನ ಭಾರಕ್ಕೇ ಇಳಿಯುತ್ತದೆ. ಅಲಗು ಚೂರು ಗಿಡ್ಡವಾಯಿತು, ಪರವಾಗಿಲ್ಲ.

ಏಪ್ರಿಲ್ ೯, ಮಂಗಳವಾರ

ಮತ್ತೆ ಕೆಲಸಕ್ಕೆ ಹೋದೆ. ಡ್ರೈವರ್ ಬದಲಿಯವನು, ಮಾತು ಕಡಿಮೆ. ಒಳ್ಳೆಯದೇ ಆಯಿತು. ಜನ ಸೇರಿದ ಕಡೆ ಮೊದಲು ಅವರ ಕೈ ನೋಡುತ್ತೇನೆ, ಆಮೇಲೆ ರೋಗಿಯನ್ನು. ಅನುಭವ ಕಲಿಸುತ್ತದೆ.

ಏಪ್ರಿಲ್ ೧೪, ಭಾನುವಾರ

ಇವರ ಬಲ ಅಂಗೈ ಸೀಳಿತು. ಅಡುಗೆಮನೆಯಲ್ಲಿ ನಾನು ಪಾತ್ರೆ ತೊಳೆಯುತ್ತಿದ್ದಾಗ ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಟ್ಟರು. ನಾನು ತಿರುಗಿದಾಗ ಚಾಕು ಕೈಯಲ್ಲಿತ್ತು. ಮದುವೆಯಾಗಿ ಇಷ್ಟು ವರ್ಷವಾಯಿತು, ಸದ್ದು ಮಾಡದೆ ಬರಬಾರದು ಅನ್ನುವ ಬುದ್ಧಿ ಬೇಡವೇ? ನಾನೇ ಹೊಲಿಗೆ ಹಾಕಿದೆ. ಗಾಯ ಆಳವಿಲ್ಲ. ಹಿಟ್ಟು ನಾದುವುದಕ್ಕೆ ಸ್ವಲ್ಪ ದಿನ ಆಗುವುದಿಲ್ಲ, ಅಷ್ಟೇ.

ಮನೆಯಲ್ಲೂ ಅದನ್ನು ಕಟ್ಟಿಕೊಂಡಿರಬೇಕಾ ಅಂತ ಕೇಳಿದರು. ನಾನು ಅಲಗು ಒರೆಸಿ ಎಣ್ಣೆ ಹಚ್ಚಿ ಒರೆಗೆ ಸೇರಿಸಿದೆ.

ಏಪ್ರಿಲ್ ೧೮, ಗುರುವಾರ

ಇವತ್ತು ಕುಡುಕ ಮಗನೊಬ್ಬ ತಾಯಿಯ ಸ್ಟ್ರೆಚರ್‌ಗೆ ಅಡ್ಡ ನಿಂತು ಎಗರಾಡಿದ. ಅವನ ಬೆರಳು ಹಿಡಿದು ಹಿಂದಕ್ಕೆ ತಿರುಚಿದೆ, ಇನ್ನೊಂದು ಕೈಯಿಂದ ಒರೆಯ ಗುಂಡಿ ಬಿಚ್ಚಿದೆ. ಗುಂಡಿಯ ಟಕ್ ಸದ್ದಿಗೇ ಅವನ ಅಮಲು ಇಳಿಯಿತು. ಮುದುಕಿ ಮಲಗಿದಲ್ಲಿಂದಲೇ ಬೇಡ ಬೇಡ ಅಂತಿದ್ದಳು. ಮಗನಿಗೆ ಹೇಳಿದಳೋ ನನಗೋ.

ಅವನ ಕಣ್ಣಲ್ಲಿ ಭಯ ನೋಡಿದೆ. ಎಷ್ಟೋ ದಿನದ ಮೇಲೆ ಊಟ ರುಚಿಸಿತು.

ಇವರಿಗೆ ಕೆಮ್ಮು ಹಿಡಿದಿದೆ. ಕೋಣೆಗೆ ಬರುವ ಮೊದಲು ಬಾಗಿಲಲ್ಲೇ ನಿಂತು ಕೆಮ್ಮುತ್ತಾರೆ. ಶುಂಠಿ ಹಾಕಿ ನೀರು ಕಾಯಿಸಿಕೊಟ್ಟೆ, ಕುಡಿದರು. ಕಡಿಮೆಯಾದ ಹಾಗಿಲ್ಲ.

ಏಪ್ರಿಲ್ ೨೨, ಸೋಮವಾರ

ಮೇಷ್ಟ್ರು ಮರಳಿ ಬಂದರು. ತಂತಿ ತೆಗೆದಿದ್ದಾರೆ, ಎರಡು ಹಲ್ಲಿಲ್ಲ, ಪಾಠವೂ ಇಲ್ಲ. ಸಿಗ್ನಲ್‌ನಲ್ಲಿ ಯಾರೋ ಅಡ್ಡ ನುಗ್ಗಿದರೂ ಸುಮ್ಮನೆ ನೋಡುತ್ತಾರೆ. ಚಾಕುವಿನ ಮೊನೆ ತೋರಿಸಿದೆ. ಒಳ್ಳೇದು ಮಾಡಿದೆ ತಂಗಿ ಅಂದರು.

ಏಪ್ರಿಲ್ ೨೫, ಗುರುವಾರ

ಮತ್ತೆ ದಾಳಿ ಆಯಿತು. ಈ ಸಲ ನಾನು ಸಿದ್ಧಳಿದ್ದೆ.

ಹೆದ್ದಾರಿ ತಿರುವಿನಲ್ಲಿ ವ್ಯಾನಿಗೂ ಬೈಕಿಗೂ ಡಿಕ್ಕಿ. ವ್ಯಾನಿನ ಡ್ರೈವರನ್ನು ಒಳಗೆ ಹತ್ತಿಸುತ್ತಿದ್ದೆವು, ಸುತ್ತ ಜನ. ಒಬ್ಬ ಮುಖ ತುಂಬ ರಕ್ತ ಮೆತ್ತಿಕೊಂಡು ಗುಂಪು ಸೀಳಿ ಬಂದ, ಗಾಡಿಯ ಹಿಂದಿನ ಮೆಟ್ಟಿಲು ಹತ್ತಿ ನನ್ನ ತೋಳು ಹಿಡಿದು ಎಳೆದ. ಬಾ, ಬಾ ಅಂತ ಸವಾಲು ಹಾಕುತ್ತಿದ್ದ. ಬಿಡು ಅಂದೆ, ಬಿಡಲಿಲ್ಲ. ಚುಚ್ಚಿದೆ. ಪಕ್ಕೆಯ ಕೆಳಗೆ, ಹಿಡಿಯವರೆಗೂ ಹೋಯಿತು. ಒತ್ತಬೇಕಾಗಿಯೇ ಇರಲಿಲ್ಲ.

ಅವನು ನನ್ನ ಮೇಲೇ ಕುಸಿದ. ಆಮೇಲೆ ನಾನೇ ಗಾಯಕ್ಕೆ ಬಟ್ಟೆ ತುರುಕಿ ಆಸ್ಪತ್ರೆಯವರೆಗೂ ಒತ್ತಿಹಿಡಿದು ಕೂತೆ. ಬದುಕುತ್ತಾನೆ.

ಗುರಿ ತಪ್ಪಲಿಲ್ಲ. ಇದನ್ನು ಬರೆದಿಡಬೇಕು ಅನ್ನಿಸಿತು.

ಏಪ್ರಿಲ್ ೨೬, ಶುಕ್ರವಾರ

ಆಫೀಸಿನಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಾಹೇಬರು ಹೆಗಲು ತಟ್ಟಿ, ಇನ್ನು ನಮ್ಮ ಹುಡುಗಿಯರನ್ನು ಮುಟ್ಟೋಕೆ ಯಾರೂ ಧೈರ್ಯ ಮಾಡಲ್ಲ ಅಂದರು. ಸಿಬ್ಬಂದಿ ಮೇಲೆ ಹಲ್ಲೆ ಮಾಡಿದ್ದಕ್ಕೆ ಅವನ ಮೇಲೆ ಕೇಸಾಗಿದೆ. ಮೇಷ್ಟ್ರು ಸಾಕ್ಷಿ ಹೇಳಿದ್ದಾರೆ: ಹೊಡೆಯೋಕೆ ಬಂದ, ನಾನು ಕಣ್ಣಾರೆ ಕಂಡೆ ಅಂತ. ಚಾಕು ಪೊಲೀಸರ ಹತ್ತಿರ ಇದೆ. ಅಂಥದ್ದೇ ಎಲ್ಲಿ ಸಿಗುತ್ತೆ ಅಂತ ಮೂವರು ನನ್ನ ಬಳಿ ಅಂಗಡಿಯ ದಾರಿ ಕೇಳಿದರು. ಮೊನೆ ಮಾತ್ರ ನೀವೇ ಮಾಡಿಕೊಳ್ಳಬೇಕು ಅಂದೆ.

ಸಂಜೆ ಮೇಷ್ಟ್ರು ಇನ್ನೊಂದು ಸಂಗತಿ ಹೇಳಿದರು. ನಾವು ಹೋದಮೇಲೆ ಆ ತಿರುವಿನ ಬೇಲಿಯಾಚೆ, ಹಳ್ಳದಲ್ಲಿ, ಒಬ್ಬ ಹುಡುಗಿ ಸಿಕ್ಕಿದಳಂತೆ. ಬೈಕಿನ ಹಿಂದೆ ಕೂತಿದ್ದವಳು. ನನ್ನ ತೋಳು ಎಳೆದವನ ತಂಗಿ. ಬೇರೆ ಗಾಡಿಯವರು ತಂದರಂತೆ, ತುಂಬ ತಡವಾಗಿ.

ಬೇಲಿಯಾಚೆ ಇದ್ದವಳು ನಮಗೆ ಹೇಗೆ ಕಾಣಬೇಕಿತ್ತು?

ಏಪ್ರಿಲ್ ೨೭, ಶನಿವಾರ

ತಲೆನೋವು. ಏನೂ ಇಲ್ಲ ಬರೆಯಲು.

ಏಪ್ರಿಲ್ ೨೮, ಭಾನುವಾರ

ಇವರು ಕೇಳಿದರು: "ಅವನು ನಿನ್ನನ್ನ ಯಾವ ಕಡೆ ಎಳೆದ?"

ಎಂಥ ಪ್ರಶ್ನೆ ಅಂತ ರೇಗಿದೆ. ಇವರು ಬಿಡಲಿಲ್ಲ. ಹೊಡೆಯುವವನು ತನ್ನ ಕಡೆಗೆ ಎಳ್ಕೊಂಡು ಹೊಡೀತಾನೆ, ಅಥವಾ ತಳ್ಳಿ ಹೊಡೀತಾನೆ, ಅವನು ಏನು ಮಾಡಿದ ಅಂದರು. ಇಡೀ ದಿನ ಅದನ್ನೇ ಯೋಚಿಸಿದೆ. ಅವನು ನನ್ನ ತೋಳು ಹಿಡಿದದ್ದು ಒಂದೇ ಕೈಯಲ್ಲಿ. ಇನ್ನೊಂದು ಕೈ ಬೇಲಿಯ ಕಡೆಗೆ ಚಾಚಿತ್ತು. ಮುಖವೂ ಆ ಕಡೆಗೇ ಇತ್ತು. ಚುಚ್ಚುವ ಹೊತ್ತಿಗೆ ಅವನು ನನ್ನನ್ನು ನೋಡುತ್ತಲೇ ಇರಲಿಲ್ಲ.

ನಾನು ಅವನ ಕೈ ನೋಡಿದ್ದೆ. ಯಾವಾಗಲೂ ಮೊದಲು ಕೈ ನೋಡುತ್ತೇನೆ. ಎರಡೂ ಬರಿಗೈ.

ಏಪ್ರಿಲ್ ೩೦, ಮಂಗಳವಾರ

ಆಸ್ಪತ್ರೆಗೆ ಹೋದೆ. ಯಾಕೆ ಹೋದೆ ಅಂತ ಕೇಳಿದರೆ ಹೇಳಲು ಗೊತ್ತಿಲ್ಲ. ಕೆಲಸದ ಸಮವಸ್ತ್ರದಲ್ಲಿದ್ದೆ, ವಾರ್ಡಿನ ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ ಏನೂ ಕೇಳದೆ ಒಳಗೆ ಬಿಟ್ಟ.

ಅವನು ತೀರಾ ಚಿಕ್ಕ ವಯಸ್ಸಿನವನು. ರಕ್ತ ತೊಳೆದ ಮೇಲೆ ಈಗಷ್ಟೇ ಮೀಸೆ ಬಂದವನ ಮುಖ. ಒಂದು ಕೈಯನ್ನು ಮಂಚದ ಸರಳಿಗೆ ಬೇಡಿ ಹಾಕಿ ಕಟ್ಟಿದ್ದರು, ಹೊಟ್ಟೆಯಿಂದ ನಳಿಗೆ ಇಳಿದಿತ್ತು. ನನ್ನ ಗುರುತು ಹತ್ತಲಿಲ್ಲ, ಬಟ್ಟೆ ಮಾತ್ರ ನೋಡಿದ.

"ಅಕ್ಕಾ, ನೀವು ಆಂಬುಲೆನ್ಸ್‌ನವರಾ? ನನ್ನ ತಂಗಿ ಹೇಗಿದ್ದಾಳೆ ಅಂತ ಇಲ್ಲಿ ಯಾರೂ ಹೇಳ್ತಿಲ್ಲ. ಬದುಕಿದ್ದಾಳಾ?"

ನೋಡಿಕೊಂಡು ಬರ್ತೀನಿ ಅಂದೆ. ಹೆಂಗಸರ ವಾರ್ಡು ಮೇಲಿನ ಮಹಡಿಯಲ್ಲಿ. ಹುಡುಗಿ ನಿದ್ದೆಯಲ್ಲಿದ್ದಳು. ಹೊದಿಕೆ ಒಂದು ಕಾಲಿನ ಮೇಲೆ ಎದ್ದಿತ್ತು, ಇನ್ನೊಂದು ಕಡೆ ಮೊಣಕಾಲಿನ ಕೆಳಗೆ ಹಾಸಿಗೆಗೆ ಸಮವಾಗಿ ಬಿದ್ದಿತ್ತು. ನರ್ಸನ್ನು ಕೇಳಿದೆ. ರಕ್ತ ಬಹಳ ಹೋಗಿತ್ತು, ಇನ್ನು ಸ್ವಲ್ಪ ಬೇಗ ಬಂದಿದ್ದರೆ ಕಾಲು ಉಳಿಸಬಹುದಿತ್ತೇನೋ ಅಂದಳು. ಅವಳು ಸುಮ್ಮನೆ ಹೇಳಿದ್ದು. ನಾನು ಯಾರು ಅಂತ ಅವಳಿಗೇನು ಗೊತ್ತು.

ಕೆಳಗೆ ಬಂದು ಬದುಕಿದ್ದಾಳೆ ಅಂದೆ. ಕಾಲಿನ ಮಾತು ಹೇಳಲಿಲ್ಲ. ಅವನು ಬೇಡಿಯಿಲ್ಲದ ಕೈಯಿಂದ ನನ್ನ ಕೈ ಹಿಡಿದುಕೊಂಡು ಅತ್ತ. ಅಳುವಾಗ ಹೊಲಿಗೆ ನೋಯುತ್ತಿತ್ತು, ಮುಖ ಕಿವುಚುತ್ತಿದ್ದ, ಆದರೂ ನಿಲ್ಲಿಸಲು ಆಗಲಿಲ್ಲ. "ಕರೆದೆ ಅಕ್ಕಾ," ಅಂದ. "ಎಷ್ಟು ಕರೆದೆ. ಅಲ್ಲಿ ಒಬ್ಬರಿದ್ದರು, ಅವರು ಬರಲೇ ಇಲ್ಲ."

ಹೇಳುತ್ತ ಹೇಳುತ್ತ ನನ್ನ ಮುಖ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಕೈ ಬಿಟ್ಟ. ಬೇಡಿ ಹಾಕಿದ ಕಡೆಗೆ, ಎಷ್ಟು ಸರಿಯಲು ಸಾಧ್ಯವೋ ಅಷ್ಟು ಸರಿದು, ಹೊಟ್ಟೆಗೆ ತೋಳು ಅಡ್ಡ ಹಿಡಿದುಕೊಂಡ. ಕೂಗಲಿಲ್ಲ. ಕಾನ್‌ಸ್ಟೇಬಲನ್ನೂ ಕರೆಯಲಿಲ್ಲ. ಕರೆದರೆ ಯಾರ ಪರವಾಗಿ ಬರುತ್ತಾರೆ ಅಂತ ಅವನಿಗೆ ಗೊತ್ತಿತ್ತು.

ಮೇ ೧, ಬುಧವಾರ

ಮೇಷ್ಟ್ರ ಮನೆಗೆ ಹೋಗಿ, ಠಾಣೆಯಲ್ಲಿ ನಿಜ ಹೇಳಿಬಿಡ್ತೀನಿ ಅಂದೆ. ಅವರ ಮುಖ ಕೆಂಪಾಯಿತು. ನಿನಗೋಸ್ಕರ ಸಾಕ್ಷಿ ಹೇಳಿದ್ದೀನಿ, ಈಗ ನನ್ನನ್ನ ಸುಳ್ಳುಗಾರ ಮಾಡ್ತೀಯಾ ಅಂದರು. ಮಾರುಕಟ್ಟೆಯಲ್ಲಿ ನಮ್ಮನ್ನ ಹೊಡೆದವರು ಒಬ್ಬರಾದ್ರೂ ಹೋಗಿ ತಪ್ಪಾಯ್ತು ಅಂದ್ರಾ ಅಂತ ಕೇಳಿದರು. ಹಲ್ಲಿಲ್ಲದ ಕಡೆಯಿಂದ ಮಾತು ಸೋರುತ್ತಿತ್ತು. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಬಾಗಿಲವರೆಗೂ ಬಂದು, "ನಿನಗೆ ಕೆಲಸ ಹೋಗುತ್ತೆ ತಂಗಿ, ಜೈಲೂ ಆಗುತ್ತೆ," ಅಂದರು. ಬೆದರಿಕೆಯಲ್ಲ, ದುಃಖದಿಂದಲೇ ಅಂದರು.

ಇವರಿಗೆ ಹೇಳಿದಾಗ ಎದ್ದು ಒಲೆ ಹಚ್ಚಿ ಚಹಾ ಮಾಡಿದರು. ಎಡಗೈಯಲ್ಲೇ ಮಾಡಿದರು. ನಾಳೆ ನಾನೂ ಬರ್ತೀನಿ ಅಂದರು.

ಮೇ ೨, ಗುರುವಾರ

ಠಾಣೆಯ ಹೊರಗಿನ ಬೆಂಚಿನ ಮೇಲೆ ಇವರು ಕೂತರು, ನಾನು ಒಳಗೆ ಹೋದೆ. ಇನ್ಸ್‌ಪೆಕ್ಟರಿಗೆ ನಾನು ಯಾರು ಅಂತ ಗೊತ್ತಿತ್ತು. ಕುರ್ಚಿ ಕೊಡಿಸಿದರು, ಧೈರ್ಯವಂತೆ ಅಂತ ಪಕ್ಕದವರಿಗೆ ಪರಿಚಯ ಮಾಡಿಸಿದರು. ಹೇಳಿಕೆ ಬದಲಾಯಿಸಬೇಕು ಅಂದಾಗ ಎದ್ದು ಬಾಗಿಲು ಹಾಕಿ ಬಂದು ಕೂತರು.

ಬೆಲ್ಟ್ ಕತ್ತರಿಸೋಕೆ ಅಂತ ಇಟ್ಟುಕೊಂಡ ಚಾಕುಗೆ ಅಂಥ ಮೊನೆ ಯಾಕಿತ್ತು ಅಂತ ಕೇಳಿದರು. ಅಂಗಡಿಯವಳು ಮಾಡಲಿಲ್ಲ, ನಾನೇ ಮಾಡಿಕೊಂಡೆ ಅಂದೆ. ಯಾವಾಗ, ಯಾಕೆ, ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ತಿಳಿಹೇಳಿದರು: ಹುಡುಗ ಬಡವ, ವಕೀಲನಿಲ್ಲ, ಸಣ್ಣ ಶಿಕ್ಷೆಯಲ್ಲಿ ಮುಗಿಯುತ್ತದೆ. ನೀವು ಬಾಯಿ ಬಿಟ್ಟರೆ ಕೇಸು ತಿರುಗಿ ನಿಮ್ಮ ಮೇಲೇ ಬರುತ್ತದೆ, ಅದು ಸಣ್ಣದಲ್ಲ. ಮನೆಗೆ ಹೋಗಿ ಯೋಚನೆ ಮಾಡಿ, ನಾಳೆ ಬನ್ನಿ.

ನಾಳೆ ಬಂದರೆ ಹೇಳಲಾರೆ ಅಂತ ನನಗೆ ಗೊತ್ತಿತ್ತು. ಬರೆದುಕೊಳ್ಳಿ ಅಂದೆ.

ಅವರು ನಿಟ್ಟುಸಿರು ಬಿಟ್ಟು ಹಾಳೆ ಎಳೆದುಕೊಂಡರು. "ಸರಿ. ಅವನು ನಿಮ್ಮ ತೋಳು ಹಿಡಿದು ಏನಂದ? ಇದ್ದದ್ದು ಇದ್ದ ಹಾಗೇ ಹೇಳಿ."

"'ಅಕ್ಕಾ, ಬಾ' ಅಂದ."

"ಅದಕ್ಕೆ ನೀವು?"

"ಚುಚ್ಚಿದೆ," ಅಂದೆ.